ಕಿಯೆತ್ ಮಾವ ಮಾತ್ರೆ ಬಿಟ್ಟದ್ದು

ಸಾ ಡೆಕ್,
ಹನ್ನೊಂದನೆಯ ತಿಂಗಳ ಹುಣ್ಣಿಮೆ

ನನ್ನ ಬಂಗಾರ ದಿಯೆಪ್,

ಅಮ್ಮನಿಗೆ ಕಾಗದ ಬರೆಯುವ ಹುಚ್ಚು ಯಾವಾಗ ಹಿಡಿಯಿತು ಎಂದು ನಗಬೇಡ. ಫೋನ್ ಮಾಡಿದರೆ ಹಿಂದೆ ನಿನ್ನ ಅತ್ತೆಯ ಕೆಮ್ಮು ಕೇಳಿಸುತ್ತದೆ, ನೀನು ತಕ್ಷಣ ಮಾತು ತಿರುಗಿಸಿ ಮೀನಿನ ವಿಷಯ ತೆಗೆಯುತ್ತೀಯ. ಹೋದ ಸಲ ಮಾತ್ರ ಪಿಸುಗುಟ್ಟಿದ್ದೆ: "ಅಮ್ಮಾ, ರಕ್ತದಲ್ಲಿ ವೈರಸ್ಸೇ ಕಾಣ್ತಿಲ್ಲ ಅಂತ ರಿಪೋರ್ಟ್ ಬಂದಿದೆ. ಕಟ್ಟಿಕೊಂಡ ಗಂಡ ಖೋವಾನ ಕಣ್ಣಿಗೂ ಬೀಳದ ಹಾಗೆ ಇನ್ನೂ ಎಷ್ಟು ವರ್ಷ ಈ ಮಾತ್ರೆ ನುಂಗಲಿ?" ನಾನು ಬಾಯಿ ತೆರೆಯುವಷ್ಟರಲ್ಲಿ ನೀನು ಫೋನ್ ಇಟ್ಟುಬಿಟ್ಟೆ.

ನಿನ್ನ ಕಿಯೆತ್ ಮಾವನೂ ಇದನ್ನೇ ಕೇಳಿದ್ದ. ಅವನಿಗೆ ಕಾಮಾಲೆಯಾಗಿತ್ತು, ಈಗ ಪರವಾಗಿಲ್ಲ ಎಂದಷ್ಟೇ ನಿನಗೆ ಹೇಳಿದ್ದೆ. ಪೂರ್ತಿ ಹೇಳಿರಲಿಲ್ಲ.

ಹೆಪಟೈಟಿಸ್ ಬಿ ನಮ್ಮಮ್ಮನಿಂದ ಅಕ್ಕ ತಮ್ಮ ನಮ್ಮಿಬ್ಬರಿಗೂ ಬಂದದ್ದು, ನನ್ನಿಂದ ನಿನಗೆ. ನನಗೆ ತಪಾಸಣೆ ಸಾಕೆಂದರು, ನಿನಗೂ ಅವನಿಗೂ ಮಾತ್ರೆ. ಕಿಯೆತ್ ವರ್ಷಗಟ್ಟಲೆ ಒಂದು ದಿನವೂ ತಪ್ಪಿಸಿದವನಲ್ಲ. ವೈರಸ್ ಕಾಣುತ್ತಿಲ್ಲ ಎಂದದ್ದೇ ತಡ, ಬಿಟ್ಟೇಬಿಟ್ಟ. "ಕಳ್ಳ ಊರು ಬಿಟ್ಟ ಮೇಲೂ ಕಾವಲುಗಾರನಿಗೆ ಅನ್ನ ಹಾಕ್ತಾರೇನಕ್ಕಾ?" ಎಂದು ನನ್ನನ್ನೇ ಗೇಲಿ ಮಾಡಿದ. ಅವನ ಹೆಂಡತಿ ನೆಲನೆಲ್ಲಿ ಕಷಾಯ ಕುದಿಸಿಕೊಟ್ಟಳು. ತಿಂಗಳುಗಟ್ಟಲೆ ಏನೂ ಆಗಲಿಲ್ಲ. ಮುಖದಲ್ಲಿ ಕಳೆ ಬಂದಿತ್ತು. ಇವನು ಹೇಳುವುದೇ ಸರಿಯೇನೋ ಎಂದು ನನಗೂ ಅನಿಸಿತು.

ಟೆಟ್ ಹೊಸವರ್ಷದ ಹಬ್ಬಕ್ಕೆ ಮಾರಲು ಸೇವಂತಿಗೆ ಬುಟ್ಟಿಗಳನ್ನು ದೋಣಿಗೆ ಏರಿಸುತ್ತಿದ್ದೆವು. ಅವನು ಮೊಣಕಾಲುದ್ದ ನೀರಿನಲ್ಲಿ ಸುಮ್ಮನೆ ನಿಂತುಬಿಟ್ಟ. "ಬಿಸಿಲು ಕಣಕ್ಕಾ" ಎಂದ. ಸುತ್ತ ಹಳದಿ ಹೂವೇ ಇದ್ದುದರಿಂದ ನನಗೆ ಗೊತ್ತಾಗಲಿಲ್ಲ. ಮನೆಯೊಳಗೆ ಕರೆತಂದು ನೋಡಿದರೆ ಕಣ್ಣು ಅರಿಶಿನ ಹಚ್ಚಿದ ಹಾಗಿತ್ತು.

ದೊಡ್ಡಾಸ್ಪತ್ರೆಗೆ ಸೇರಿಸಿದೆವು. ಹೊಟ್ಟೆಯಲ್ಲಿ ನೀರು ತುಂಬಿತು, ಮಾತು ತೊದಲಿತು. ಒಂದು ಬೆಳಿಗ್ಗೆ ನನ್ನ ಅಂಗಿಯ ಅಂಚು ಹಿಡಿಯುವವನಂತೆ ಕೈ ಚಾಚಿ "ಅಮ್ಮಾ" ಎಂದು ಕರೆದ. ನಾನು ಯಾರೆಂದು ಅವನಿಗೆ ತಿಳಿಯುತ್ತಿರಲಿಲ್ಲ.

ನನ್ನ ಸ್ವಭಾವ ಗೊತ್ತಲ್ಲ, ಅಳುವಾಗಲೂ ಪ್ರಶ್ನೆ ಕೇಳುವವಳು. ಡಾಕ್ಟರಮ್ಮನನ್ನು ಮೆಟ್ಟಿಲ ಮೇಲೆ ಅಡ್ಡಗಟ್ಟಿದೆ. ಮಾತ್ರೆ ಬಿಟ್ಟರೆ ಕಾಯಿಲೆ ಮೊದಲಿದ್ದಷ್ಟೇ ಇರಬೇಕಿತ್ತು, ಮೊದಲಿಗಿಂತ ಕೆಟ್ಟದ್ದು ಹೇಗಾಯಿತು?

"ಕಳ್ಳ ಊರು ಬಿಟ್ಟಿರಲಿಲ್ಲಮ್ಮ, ಅಟ್ಟದಲ್ಲಿ ಮಲಗಿದ್ದ" ಎಂದರು. ಆಸ್ಪತ್ರೆಗೆ ಸೇರಿದ ದಿನ ಕಿಯೆತ್ ಅವರ ಹತ್ತಿರವೂ ಅದೇ ಜೋಕು ಹೊಡೆದಿದ್ದನಂತೆ! "ಮಾತ್ರೆ ಅವನನ್ನ ಅಲ್ಲಾಡೋಕೆ ಬಿಡ್ತಿರಲಿಲ್ಲ, ಅಷ್ಟೆ. ನಿಲ್ಲಿಸಿದ್ರೆ ವೈರಸ್ ಏಕಾಏಕಿ ಹೆಚ್ಚುತ್ತೆ. ಆಗ ದೇಹಾನೇ ರೇಗಿ, ಅದು ಕೂತಿರೋ ಲಿವರ್ ಮೇಲೆ ಬೀಳುತ್ತೆ. ಕಳ್ಳನ್ನ ಹಿಡಿಯೋಕೆ ಮನೆಗೇ ಬೆಂಕಿ ಇಟ್ಟಂಗೆ."

"ಹಾಗಾದ್ರೆ ಯಾರೂ ನಿಲ್ಲಿಸೋದೇ ಇಲ್ವಾ?"

"ಕೆಲವರಿಗೆ ನಾವೇ ನಿಲ್ಲಿಸ್ತೀವಿ. ಎಲ್ಲಾ ನೋಡಿ, ಆಮೇಲೂ ಪದೇಪದೇ ರಕ್ತ ಪರೀಕ್ಷೆ ಮಾಡ್ತಾ. ನಿಮ್ಮ ತಮ್ಮನ ಲಿವರ್ ಮೊದಲೇ ಹಾಳಾಗಿ ಗಡುಸಾಗಿತ್ತು. ಅವರು ಒಂದು ಮಾತು ಕೇಳಿದ್ರೆ ಬೇಡ ಅಂತಿದ್ದೆ."

ಮತ್ತೆ ಮಾತ್ರೆ ಶುರುಮಾಡಿದರು. ಕೆಲವರಿಗೆ ಅಷ್ಟು ಹೊತ್ತಿಗೆ ಅದೂ ನಾಟುವುದಿಲ್ಲವಂತೆ, ಇವನಿಗೆ ನಾಟಿತು. ಬದುಕಿದ. ಆದರೆ ಬುಟ್ಟಿ ಎತ್ತುವ ಶಕ್ತಿ ಹೋಯಿತು. ಈಗ ದೋಣಿಯಲ್ಲಿ ಕೂತು ನಮಗೆಲ್ಲ ಬೈಯುವ ಕೆಲಸ.

ಮಗಳೇ, ನೀನು ಕೇಳಿದ್ದು ತಪ್ಪಲ್ಲ. ನನ್ನನ್ನು ಕೇಳಿದ್ದು ತಪ್ಪು. ಡಾಕ್ಟರನ್ನು ಕೇಳು. ಈಗಾಗಲೇ ಬಿಟ್ಟಿದ್ದರೆ ಕಣ್ಣು ಹಳದಿಯಾಗಲಿ ಎಂದು ಕಾಯಬೇಡ, ಮೈ ಚೆನ್ನಾಗಿದೆ ಎಂದು ನಂಬಬೇಡ. ನಾಳೆಯೇ ಹೋಗಿ ರಕ್ತ ಕೊಡು. ಬೈಸಿಕೊಂಡರೂ ಸರಿ.

ನಿನ್ನ ಒಂದು ಮಾತಿಗೆ ಕಾದಿರುವ,
ಅಮ್ಮ ಥ್ವಾ

ಮತ್ತೆ: ಬರೆಯಬಾರದೆಂದುಕೊಂಡಿದ್ದೆ, ಆಗುತ್ತಿಲ್ಲ. ಖೋವಾ ಒಬ್ಬನೇ ಇಲ್ಲಿಗೆ ಬಂದಿದ್ದ. "ಅತ್ತೆ, ಮದುವೆಯಾದ ವರ್ಷವೇ ಅವಳ ಮಾತ್ರೆ ನೋಡಿದ್ದೆ. ಸುಮ್ಮನೆ ಹೋಗಿ ಪರೀಕ್ಷೆ ಮಾಡಿಸ್ಕೊಂಡು ಲಸಿಕೆ ಹಾಕಿಸ್ಕೊಂಡೆ. ಈಗ ಕೆಲವು ವಾರದಿಂದ ಮಾತ್ರೆ ಕಾಣ್ತಿಲ್ಲ. ಕೇಳಿದ್ರೆ ಅವಳಿಗೆ ನಾಚಿಕೆ ಆಗುತ್ತೆ, ಕೇಳದಿದ್ರೆ ನನಗೆ ನಿದ್ದೆ ಬರಲ್ಲ" ಎಂದ. ಈ ಕಾಗದವನ್ನು ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ನೀನು ಓದಿ ಮುಗಿಸುವವರೆಗೆ ಬಾಗಿಲಾಚೆ ನಿಂತಿರುತ್ತೇನೆ ಎಂದಿದ್ದಾನೆ. ಒಳಗೆ ಕರೆ.