ಬೂದಿಗೆ ಬಂದ ಆರ್ಡರ್

ಜನವರಿ ೨೪, ಶುಕ್ರವಾರ. ಮ್ಹಾಪಸಾ.

ನಾವು ಹವ್ಯಾಸಕ್ಕ ಮನ್ಯಾಗ ಕಟ್ಟೋ ಆಟಿಗಿ ರೈಲಿನ ಗುಡ್ಡಕ್ಕ ಕಟ್ಟಿಗಿ ಹೊಟ್ಟಿನ ಪುಟ್ಟ ಗಿಡ ಮಾಡಿಕೊಡೋ ಪರ್ವರಿ ಊರಿನ ಗುರುಪಾದ ಅವರ ಕಾರ್ಖಾನಿಗೆ ನಿನ್ನೆ ಬೆಂಕಿ ಬಿತ್ತು. "ಗಿಡ ಉಳದಾವೇನ್ರಿ?" ಅಂತ ನಮ್ಮ ಹವ್ಯಾಸದವರ ವಾಟ್ಸಾಪ್ ಗ್ರೂಪಿನ್ಯಾಗ ಎಲ್ಲಾರಕಿಂತ ಮೊದಲ ಕೇಳಿದಾಂವ ನಾನ. ಮಂದಿ ಹೆಂಗದಾರ ಅಂತ ಕೇಳಲಿಲ್ಲ. ಮುಂಜಾನಿಂದ ಅದ ಚುಚ್ಚಾಕತ್ತಿತ್ತು.

ಮಧ್ಯಾಹ್ನ ಗುರುಪಾದ ಅವರ ಉತ್ತರ ಬಂತು: "ಮಂದಿ ಎಲ್ಲಾ ಆರಾಮ ಅದೀವಿ. ಗಿಡ ಒಂದೂ ಇಲ್ಲ. ಬೂದಿ ಬೇಕಂದ್ರ ಹೇಳ್ರಿ!"

ಅವರು ಚಾಷ್ಟಿ ಮಾಡಿದ್ದು. ಆದರ ಸಂಜಿಯೊಳಗ ನಲವತ್ತು ಮಂದಿ ಬೂದಿಗೆ ಆರ್ಡರ್ ಕೊಟ್ಟಾರ! ಹೊಗಿಬಂಡಿ ಸುರಂಗದ ಬಾಯಿ ಕಪ್ಪು ಮಾಡಾಕ ಅಂಥಾದ್ದು ಎಲ್ಲಿ ಸಿಗತೈತಿ? ನಂದೂ ಎರಡು ಪೊಟ್ಟಣ.

"ದೇವರ ಮುಂದಿನ ಊದಿನಕಡ್ಡಿ ಬೂದಿ ಆಗೂದಿಲ್ಲೇನ್ರಿ?" ಅಂತ ನನ್ನ ಹೆಂಡ್ತಿ ಸೀಮಾ ಬಿದ್ದು ಬಿದ್ದು ನಕ್ಕಳು.

ಈಗಷ್ಟ ಗುರುಪಾದ ಅವರು ಬರದಾರ: "ಬೂದಿ ಖಾಲಿ ಆತ್ರಿ. ಇನ್ನ ಗಿಡಾನ ಮಾಡಬೇಕು."