ಬೂಟು ಅಲ್ಲೇ ಇದೆ

ಅಮ್ಮಾ,

ಇವತ್ತು ಅಜ್ಜ ಅಡುಗೆಯವನಾಗಿದ್ದ ಹಡಗಿನ ತನಕ ಮುಳುಗಿ ಹೋಗಿಬಂದೆ. ಸುಪೀರಿಯರ್ ಸರೋವರದ ತಣ್ಣೀರು ಅಲ್ಲಿ ಏನನ್ನೂ ಕೊಳೆಯಲು ಬಿಟ್ಟಿಲ್ಲ. ಹಸಿರು ಬೆಳಕಿನಲ್ಲಿ ತೇಲುತ್ತ ಅವನ ಕೋಣೆಯನ್ನು ಹೊಕ್ಕಾಗ ಬೇರೆ ಯಾರದೋ ಕನಸಿನೊಳಗೆ ಸದ್ದಿಲ್ಲದೆ ಕಾಲಿಟ್ಟಂತಿತ್ತು. ಮಂಚದ ಕೆಳಗೆ ಅವನ ಹೊಸ ಬೂಟುಗಳಿವೆ. ಒಂದು ನಿಂತಿದೆ, ಇನ್ನೊಂದು ಮಗ್ಗುಲಾಗಿ ಮಲಗಿದೆ. ಹಡಗು ಮುಳುಗುವಾಗ ಅವನು ಮತ್ತೆ ಒಳಕ್ಕೆ ಓಡಿ ಸತ್ತದ್ದು ಈ ಬೂಟಿನ ಆಸೆಗೆ ಎಂದಲ್ಲವೇ ಅಜ್ಜಿ ಇಂದಿಗೂ ಬೈಯುವುದು?

ತರುವಂತಿರಲಿಲ್ಲ. "ಕೆಳಗಿಂದ ಒಂದು ಮೊಳೆ ತಂದ್ರೂ ನಿನ್ನ ದೋಣಿ ಹತ್ತಿಸಲ್ಲ ಕಣಮ್ಮ, ಅದೆಲ್ಲ ಸರೋವರದ್ದು" ಎಂದು ದೋಣಿಯ ಟೊಯಿವೊ ಮಾವ ಮೊದಲೇ ಹೇಳಿದ್ದ. ಮೇಲೆ ಬಂದು ಬೂಟಿನ ವಿಷಯ ಹೇಳಿದರೆ, ಕಾಫಿ ಬಗ್ಗಿಸುತ್ತ, "ಪಾಪ, ನಿಮ್ಮಜ್ಜಿ ಇನ್ಮೇಲೆ ಯಾರನ್ನ ಬೈಬೇಕು?" ಎಂದ.

ನಾನು ಚೆನ್ನಾಗಿದ್ದೇನೆ. ಸೌನಾದ ಬಿಸಿ ಹಬೆಯಲ್ಲಿ ಕೂತೆದ್ದರೂ ಬೆರಳುಗಳ ಜೋಮು ಬಿಟ್ಟಿಲ್ಲ, ಅದಕ್ಕೇ ಅಕ್ಷರ ಸೊಟ್ಟ. ಟಪಾಲಿನ ದೋಣಿ ಕೂಗುತ್ತಿದೆ. ಅಜ್ಜಿಗೆ ಇದನ್ನು ನೀನೇ ಓದಿ ಹೇಳು. ಬೂಟು ಅಲ್ಲೇ ಇದೆ. ಅವನು ಸಾಕಿದ್ದ ಹಾಡುಹಕ್ಕಿಯ ಪಂಜರ ಮಂಚದ ಮೇಲೇ ತೂಗುತ್ತಿದೆ. ಪಂಜರ ಖಾಲಿ, ಅದರ ಬಾಗಿಲ ಚಿಲಕವನ್ನು ಯಾರೋ ತೆರೆದಿದ್ದಾರೆ.

ನಿನ್ನ ಹೆಲ್ಮಿ