ಕಪಾಟಿನಲ್ಲಿರುವ ನನ್ನ ವರದಿಯ ಕುರಿತು

ರಕ್ತಪರೀಕ್ಷಾ ಕೇಂದ್ರದ ಮಾನ್ಯ ಮೇಲಧಿಕಾರಿಗಳೇ,

ಬುಧವಾರದ ಪತ್ರಿಕೆಯಲ್ಲಿ ಪ್ರಕಟವಾದ ತಮ್ಮ ಸ್ಪಷ್ಟೀಕರಣದಲ್ಲಿ ಒಂದು ತಪ್ಪಿದೆ. ‘ಎಚ್‌ಐವಿ ವರದಿಗಳು ಸಿದ್ಧವಾಗಿವೆ, ಜನರೇ ಬಂದು ಪಡೆಯುತ್ತಿಲ್ಲ’ ಎಂದಿದ್ದೀರಿ. ನಾನು ಬಂದಿದ್ದೆ. ಸೋಮವಾರ ಸೋಮವಾರ ಖಾನಾಪುರದಿಂದ ಬಸ್ಸು ಹಿಡಿದು ಬೆಳಗಾವಿಗೆ ಬಂದು, ತಮ್ಮ ಬಾಗಿಲೆದುರಿನ ಬಾಕಿನ ಮೇಲೆ ಕುಳಿತು, ಬರಿಗೈಯಲ್ಲಿ ಮರಳಿದ್ದೇನೆ. ಪತ್ರಿಕೆಯ ತಪ್ಪುಗಳನ್ನು ಕೆಂಪು ಮಸಿಯಿಂದ ತಿದ್ದುವುದು ನಿವೃತ್ತನಾದ ಮೇಲೂ ನಾನು ಬಿಡದ ಅಭ್ಯಾಸ. ಕೆಲವು ವಾರಗಳಿಂದ ಪುಟ ತಿರುವುತ್ತಿದ್ದೆ, ಒಂದೂ ತಪ್ಪು ಕಾಣುತ್ತಿರಲಿಲ್ಲ. ಮೊದಲು ಕಣ್ಣಿಗೆ ಬಿದ್ದದ್ದು ತಮ್ಮದು. ಅಷ್ಟರ ಮಟ್ಟಿಗೆ ಕೃತಜ್ಞ.

ಕಣ್ಣಿನ ಪೊರೆ ತೆಗೆಸುವ ಮುನ್ನ ಮಾಡಿದ ರಕ್ತಪರೀಕ್ಷೆಯಲ್ಲಿ ಎಚ್‌ಐವಿಯ ಸಂದೇಹ ಕಂಡಿತು. ಅದೇ ಕೊನೆಯ ಮಾತಲ್ಲ, ಖಚಿತಪಡಿಸಿಕೊಳ್ಳಿ ಎಂದು ವೈದ್ಯರು ತಮ್ಮಲ್ಲಿಗೆ ಕಳುಹಿಸಿದರು. ರಕ್ತ ಕೊಟ್ಟೆ. ವರದಿ ಬಂದಿದೆಯಂತೆ, ಕಪಾಟಿನಲ್ಲಿದೆಯಂತೆ. ಆಪ್ತಸಮಾಲೋಚಕರೇ ಅದನ್ನು ಏಕಾಂತದಲ್ಲಿ ತಿಳಿಸಬೇಕೆಂಬುದು ನಿಯಮ. ಅವರು ದೀರ್ಘ ರಜೆಯಲ್ಲಿದ್ದಾರೆ, ಬದಲಿಯವರಿಲ್ಲ. ಗೋಪ್ಯತೆಗಾಗಿ ಮಾಡಿದ ಈ ನಿಯಮವನ್ನು ಗೌರವಿಸುತ್ತೇನೆ. ಹಾಗಾದರೆ ತಮ್ಮ ಸಿಪಾಯಿ ಪಡಸಾಲೆಯುದ್ದಕ್ಕೂ ಕೇಳುವಂತೆ, “ಎಚ್‌ಐವಿ ರಿಪೋರ್ಟಿನ ಅಜ್ಜಾರು ಯಾರ್ರಿ? ಸಾಹೇಬ್ರು ಬಂದಿಲ್ಲ, ಮುಂದಿನ ವಾರ ಬರ್ರಿ” ಎಂದು ಕೂಗುವುದು ಯಾವ ನಿಯಮದಡಿ? ಫಲಿತಾಂಶವೊಂದನ್ನುಳಿದು ಎಲ್ಲವೂ ಊರಿಗೆ ತಿಳಿಯುವ ಏರ್ಪಾಟಿಗೆ ಗೋಪ್ಯತೆ ಎಂಬ ಹೆಸರು ಒಪ್ಪುತ್ತದೆಯೇ?

ಮನೆಯಲ್ಲಿ ಹೇಳಿರಲಿಲ್ಲ. ಬೆಳಗಾವಿಯ ರವಿವಾರಪೇಟೆಗೆ ಬೆಲ್ಲ ತರಲು ಹೋಗುತ್ತೇನೆ ಎನ್ನುತ್ತಿದ್ದೆ. ಬೆಲ್ಲ ತರುವುದನ್ನು ಮರೆಯುತ್ತಿದ್ದೆ. ನಾನೂ ನನ್ನ ಪತ್ನಿ ಗಂಗಾದೇವಿಯೂ ಮದುವೆಯಾದಂದಿನಿಂದ ಸಂಜೆ ಒಂದೇ ಚಹಾ ಹಂಚಿಕೊಳ್ಳುವವರು. ನಾನು ಅರ್ಧ ಕುಡಿದು, ಉಳಿದದ್ದನ್ನು ಕಪ್ಪಿನ ಕೆಳಗಿನ ಬಶಿಗೆ ಸುರಿದು ಆಕೆಗೆ ಕೊಡುವುದು ರೂಢಿ. ಅದನ್ನು ನಿಲ್ಲಿಸಿದೆ. ನನಗೆ ಭಯವಿತ್ತೇ ಎಂದರೆ, ಆ ಪದ ಸರಿಯಲ್ಲ. ಏನೂ ಇರಲಿಲ್ಲ. ಸ್ನಾನದ ನೀರು ಕಾಯಲಿಟ್ಟು, ಒಲೆ ಹೊತ್ತಿಸದೆ, ಕಾಯಲೆಂದು ಕುಳಿತಿರುತ್ತಿದ್ದೆ.

ಕಳೆದ ಸೋಮವಾರ ಆಕೆ ಚೀಲ ಹಿಡಿದು ಜೊತೆಗೇ ಹೊರಟಳು. “ಖಾನಾಪುರದಾಗ ಬೆಲ್ಲ ಸಿಗೂದಿಲ್ಲೇನ್ರಿ?” ಎಂದಳು, ಅಷ್ಟೇ. ತಮ್ಮ ಬಾಗಿಲ ಮೇಲಿನ ಫಲಕವನ್ನು ಓದಿದಳು. ಸಿಪಾಯಿಯ ಕೂಗನ್ನೂ ಕೇಳಿದಳು. ಎದ್ದು ಹೋಗಿ ಹೊರಗಿನ ಅಂಗಡಿಯಿಂದ ಕಪ್ಪು-ಬಶಿಯಲ್ಲಿ ಒಂದು ಚಹಾ ತಂದು ನನ್ನ ಕೈಗಿಟ್ಟಳು. ಅರ್ಧ ಕುಡಿದು ಕಪ್ಪನ್ನು ಹಾಗೇ ಹಿಡಿದುಕೊಂಡೆ.

“ಬಶಿಗೆ ಹಾಕ್ರಿ,” ಎಂದಳು. “ಇದು ಎಂಜಲದಿಂದ ಬರೂ ಜಡ್ಡಲ್ಲ ಅಂತ ಸಾಲ್ಯಾಗ ಹುಡುಗರಿಗೆ ಬಡದು ಬಡದು ಹೇಳಿದವರು ನೀವ. ನನಗಷ್ಟ ಬ್ಯಾರೆ ಪಾಠ ಏನು?”

ಹಾಕಿದೆ. ಆಕೆ ಕುಡಿದು ಮುಗಿಸಿ, ಒಳಗೆ ಹೋಗಿ, ತನ್ನ ರಕ್ತವನ್ನೂ ಕೊಟ್ಟು ಬಂದಳು. ರಕ್ತ ತೆಗೆಯುವವರು ರಜೆಯಲ್ಲಿರಲಿಲ್ಲ. ಮರಳುವಾಗ ಬೆಲ್ಲ ಕೊಂಡೆವು.

ಇನ್ನು ತಮ್ಮ ಕಪಾಟಿನಲ್ಲಿ ಇಬ್ಬರ ವರದಿಗಳೂ ಜೊತೆಗಿರುತ್ತವೆ. ಬರುವ ಸೋಮವಾರದೊಳಗೆ ಬದಲಿ ಸಮಾಲೋಚಕರನ್ನು ನೇಮಿಸಿರಿ. ಅದೇ ಬಾಕಿನ ಮೇಲೆ ಮುಖ ಮುಚ್ಚಿಕೊಂಡು ಕುಳಿತವರು ಹೀಗೆ ಪತ್ರ ಬರೆಯಲಾರರು. ಅವರಿಗೆ ಏಕಾಂತ ಕೊಡಿ. ನಮಗೆ ಬೇಕಿಲ್ಲ. ಗಂಗಾದೇವಿಯ ಒಪ್ಪಿಗೆ ಪಡೆದೇ ಹೆಸರು ಸಹಿತ ಬರೆಯುತ್ತಿದ್ದೇನೆ. ಇದು ಅದೇ ಪತ್ರಿಕೆಯಲ್ಲಿ ಅಚ್ಚಾದ ಮೇಲೆ ಜಿಲ್ಲೆಗೆಲ್ಲ ನಮ್ಮ ವಿಷಯ ತಿಳಿದಿರುತ್ತದೆ. ತಿಳಿಯದೆ ಉಳಿಯುವವರು ನಾವಿಬ್ಬರೇ.

ಇಂತಿ,
ತಮ್ಮ ಸಿಪಾಯಿ ಕೂಗಿದ ‘ಅಜ್ಜಾರು’,
ಗುರುಪುತ್ರಪ್ಪ, ನಿವೃತ್ತ ಶಿಕ್ಷಕ
ಖಾನಾಪುರ, ಗುರುವಾರ, 13 ನವೆಂಬರ್ 2025, ಸಂಜೆ 5.20, ಚಹಾದ ಹೊತ್ತು